ಗಾದಿ ಮೇಲೆ ಬರಿಗಾಲು

ಏಪ್ರಿಲ್ 6, ಸೋಮವಾರ. ಸಂಜೆ

ಬಕೆಟ್‌ನಲ್ಲಿ ಕಾಲಿಟ್ಟುಕೊಂಡು ಬರೆಯುತ್ತಿದ್ದೇನೆ. ಬಿಸಿನೀರು, ಕಲ್ಲುಪ್ಪು. ಬಲ ಅಂಗಾಲಿನ ಆಣಿ ಇವತ್ತು ಸುಮ್ಮನಿದೆ. ತಕರಾರು ಎಡಗಾಲಿನದು. ಅದರ ಎರಡನೇ ಬೆರಳು ಹುಟ್ಟಿದಾಗಿನಿಂದ ಹೆಬ್ಬೆರಳ ಮೇಲೆ ಹತ್ತಿ ಕೂತಿದೆ. ಇಳಿ ಅಂದರೆ ಇಳಿಯುವುದಿಲ್ಲ. ಚಪ್ಪಲಿ ಪಟ್ಟಿಗೆ ಉಜ್ಜಿ ಅದರ ನೆತ್ತಿ ಕೆಂಪಾಗಿದೆ.

ಹೊಸ ಚಪ್ಪಲಿ ತಂದೆ. ಯಲಹಂಕದ ಖಾದರ್ ಬಾಷಾ ಅಂಗಡಿಯಲ್ಲೇ. ಎಡಕ್ಕೆ ಏಳು, ಬಲಕ್ಕೆ ಆರು. ಎರಡು ಜೊತೆ ಬಿಡಿಸಿ ಒಂದು ಜೊತೆ ಮಾಡಿಕೊಡುವ ಪುಣ್ಯಾತ್ಮ ಅವರೊಬ್ಬರೇ. "ಉಳಿದಿರೋದನ್ನ ಎತ್ತಿಟ್ಟಿರ್ತೀನಿ ಮೇಡಂ. ನಿಮ್ ಉಲ್ಟಾ ಕಾಲಿನವ್ರು ಎಲ್ಲೋ ಇದ್ದೇ ಇರ್ತಾರೆ," ಅಂದರು. ಸಿಕ್ಕರೆ ನನಗೂ ಪರಿಚಯ ಮಾಡಿಸಿ ಅಂದೆ.

ನನ್ನ ಯಜಮಾನರು, ಪುಟ್ಟಣ್ಣ, ಬಕೆಟ್ ಒಳಗೆ ಇಣುಕಿ ನೋಡಿ ಹೇಳಿದರು: "ಹೆಬ್ಬೆರಳಿಗಿಂತ ಪಕ್ಕದ್ ಬೆರಳು ಉದ್ದ ಇದ್ರೆ ಗಂಡನ್ನ ಆಳ್ತಾಳೆ ಅಂತಾರೆ. ನಿಂದು ಮೇಲೇ ಹತ್ಬಿಟ್ಟಿದೆ. ನನ್ ಗತಿ ಕೇಳೋರ್ಯಾರು?" ಟವೆಲ್ ತಂದುಕೊಡಿ ಅಂದೆ. ತಂದುಕೊಟ್ಟರು.

ಏಪ್ರಿಲ್ 9, ಗುರುವಾರ

ನಾನು ಕೆಲಸ ಮಾಡುವ ಸೀರೆ ಅಂಗಡಿಗೆ ಹೊಸ ಫ್ಲೋರ್ ಮ್ಯಾನೇಜರ್. ನರೇಂದ್ರ. ಇದಕ್ಕೆ ಮುಂಚೆ ಯಾವುದೋ ಮಾಲ್‌ನಲ್ಲಿ ಕ್ರೀಮು, ಲಿಪ್‌ಸ್ಟಿಕ್ ಕೌಂಟರ್ ನೋಡಿಕೊಳ್ಳುತ್ತಿದ್ದನಂತೆ. ವಯಸ್ಸಿನಲ್ಲಿ ನನ್ನ ಕೊನೆ ತಮ್ಮನಷ್ಟು. ಎದುರಿಗೆ ಸಾರ್, ಇಲ್ಲಿ ಅವನು. ಡೈರಿಗೇಕೆ ಮರ್ಯಾದೆ.

ಮಧ್ಯಾಹ್ನ ಪಕ್ಕಕ್ಕೆ ಕರೆದ.

"ಮೇಡಂ, ತಪ್ಪು ತಿಳ್ಕೋಬೇಡಿ. ಕಸ್ಟಮರ್ಸ್ ಸೀರೆ ವಿಡಿಯೋ ಮಾಡಿ ಮನೆಗೆ ಕಳಿಸ್ತಾರೆ. ಅದ್ರಲ್ಲಿ ನಿಮ್ ಕಾಲು ಬರ್ತಿದೆ. ಒಂಥರಾ ಕಾಣುತ್ತೆ."

"ಒಂಥರಾ ಅಂದ್ರೆ ಯಾವ ಥರ ಸಾರ್?"

ಒಂದು ಪ್ಯಾಕೆಟ್ ಕೊಟ್ಟ. ಸಾಕ್ಸ್, ಚರ್ಮದ ಬಣ್ಣದ್ದು. ಯಾರ ಚರ್ಮವೋ, ನನ್ನದಂತೂ ಅಲ್ಲ.

ಮದುವೆ ರೇಷ್ಮೆ ಸೆಕ್ಷನ್ ನಮ್ಮದು. ದೊಡ್ಡ ಗಾದಿ, ಅದರ ಮೇಲೆ ಬಿಳಿ ಹಾಸು. ಕೊಳ್ಳುವವರು ಚಪ್ಪಲಿ ಕೆಳಗೆ ಬಿಟ್ಟು ಹತ್ತಿ ಕೂರುತ್ತಾರೆ, ನಾವು ಬರಿಗಾಲಲ್ಲಿ ನಿಂತು ಸೀರೆ ಬಿಚ್ಚುತ್ತೇವೆ. ಮೊದಲಿನಿಂದ ಹಾಗೇ. ಎಷ್ಟು ಮದುವೆಗಳ ಸೀರೆ ಈ ಕಾಲ ಮುಂದೆ ಬಿಚ್ಚಿಕೊಂಡಿವೆಯೋ. ಒಬ್ಬಳ ಮದುವೆಯೂ ನನ್ನ ಬೆರಳು ನೋಡಿ ನಿಂತಿಲ್ಲ.

ಏಪ್ರಿಲ್ 11, ಶನಿವಾರ

ಹಾಕಿಕೊಂಡೆ. ಹೋಗಲಿ, ನೋಡೋಣ ಅಂತ.

ಬಿಳಿ ಹಾಸಿನ ಮೇಲೆ ಸಾಕ್ಸ್… ಜಾರಿದೆ. ಅರಿಶಿನ ಬಣ್ಣದ ಸೀರೆ ಹೆಗಲ ಮೇಲಿದ್ದಂತೆಯೇ ಹೋಗಿ ಮದುಮಗಳ ಸೋದರತ್ತೆಯ ತೊಡೆ ಮೇಲೆ ಕೂತೆ. ಆಯಮ್ಮ ಒಳ್ಳೆಯವರು, "ಪರ್ವಾಗಿಲ್ಲ, ಕೂತ್ಕೊಳಿ, ಜಾಗ ಇದೆ," ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ನೋವಿಗಲ್ಲ, ಸಿಟ್ಟಿಗೆ. ಇಷ್ಟು ವರ್ಷ ಈ ಗಾದಿ ಮೇಲೆ ಒಂದು ಸಲವೂ ಬಿದ್ದವಳಲ್ಲ ನಾನು.

ಏಪ್ರಿಲ್ 13, ಸೋಮವಾರ

ಸಾಕ್ಸ್ ಒಗೆದು, ಇಸ್ತ್ರಿ ಮಾಡಿಸಿ, ಅವನ ಟೇಬಲ್ ಮೇಲಿಟ್ಟೆ.

"ಜಾರುತ್ತೆ ಸಾರ್. ಅದೂ ಅಲ್ದೆ, ಮುಚ್ಚಿಡೋಂಥದ್ದೇನೂ ನನ್ ಕಾಲಿಗೆ ಆಗಿಲ್ಲ."

"ಹಂಗಾದ್ರೆ ಗಾದಿ ಮೇಲೆ ಬೇಡ. ಗೋಡೌನ್ ನೋಡ್ಕೊಳಿ."

"ಆಯ್ತು ಸಾರ್."

ಇಳಿದು ಹೋದೆ. ಸುಮಾ, ನನ್ನ ಜೊತೆ ಗಾದಿಯಲ್ಲಿ ನಿಲ್ಲುವವಳು, ತಲೆ ಎತ್ತಲಿಲ್ಲ. ಅವಳ ತಪ್ಪಲ್ಲ ಬಿಡು.

ಏಪ್ರಿಲ್ 21, ಮಂಗಳವಾರ

ಬರೆಯಲು ಮನಸ್ಸಿರಲಿಲ್ಲ.

ಗೋಡೌನ್ ಬೇಸ್‌ಮೆಂಟ್‌ನಲ್ಲಿದೆ. ಟ್ಯೂಬ್‌ಲೈಟ್, ರಟ್ಟಿನ ಡಬ್ಬ, ನುಸಿಗುಳಿಗೆ ವಾಸನೆ. ಸೀರೆ ಮಡಿಸು, ಟ್ಯಾಗ್ ಹಾಕು, ಮೇಲಕ್ಕೆ ಕಳಿಸು. ದಿನವಿಡೀ ಕೂತೇ ಇರಬಹುದು. ಕಾಲಿಗೆ ಪರಮಸುಖ. ಆಣಿಯ ಸದ್ದೇ ಇಲ್ಲ, ಬೆರಳ ಕೆಂಪೂ ಹೋಯಿತು. ನನಗೆ ಮಾತ್ರ ಸುಖವಿಲ್ಲ.

ಸೆರಗು ಹೆಗಲ ಮೇಲೆ ಹಾಕಿದ ತಕ್ಷಣ ಹುಡುಗಿ ಕನ್ನಡಿ ನೋಡಿ ಸುಮ್ಮನಾಗುತ್ತಾಳಲ್ಲ, ಇದೇ ಅಂತ ಅವಳಿಗೆ ಗೊತ್ತಾಗುವ ಆ ಗಳಿಗೆ… ಅದು ಬೇಕು ನನಗೆ. ಸಂಬಳ ಇಲ್ಲೂ ಬರುತ್ತದೆ. ಅದು ಬರುವುದಿಲ್ಲ.

ಪುಟ್ಟಣ್ಣ ಬಿಟ್ಟುಬಿಡು ಅಂದರು. "ಯಲಹಂಕದಲ್ಲಿ ಇದೊಂದೇ ಅಂಗ್ಡೀನಾ?" ನಾನ್ಯಾಕೆ ಬಿಡಲಿ? ನನ್ನ ಕಾಲು, ನನ್ನ ಗಾದಿ.

ಊಟದ ಹೊತ್ತಿಗೆ ಸುಮಾ ಬಂದಿದ್ದಳು. ಈಗ ಗಾದಿಯವರಿಗೆಲ್ಲ ಸಾಕ್ಸ್ ಅಂತೆ, ಅಡಿಯಲ್ಲಿ ರಬ್ಬರ್ ಚುಕ್ಕಿ ಇರುವುದು, ಜಾರದ್ದು. "ನಿಮ್ ಒಬ್ಬರಿಗೇ ಹೇಳಿದ್ದು ಅಂತ ಯಾರೂ ಅನ್ಬಾರ್ದಲ್ಲ ಅಕ್ಕಾ, ಅದಕ್ಕೆ." ನಗು ಬಂತು. ನನ್ನದೊಂದು ಬೆರಳು ಮುಚ್ಚಲು ಎಲ್ಲರ ಕಾಲಿಗೂ ಚೀಲ.

ಏಪ್ರಿಲ್ 26, ಭಾನುವಾರ. ಮಧ್ಯಾಹ್ನ, ಗೋಡೌನ್

ಡೈರಿ ಚೀಲದಲ್ಲೇ ಇತ್ತು. ಈಗಲೇ ಬರೆದುಬಿಡುತ್ತೇನೆ.

ಮೇಲೆ ಮದುವೆ ಸೀಸನ್ ಜನ. ಕೊಡಿಗೇಹಳ್ಳಿಯ ಕೃಷ್ಣಮ್ಮ ಬಂದಿದ್ದಾರೆ, ಟೆಂಪೋ ತುಂಬ ನೆಂಟರು. ಇಬ್ಬರು ಹೆಣ್ಣುಮಕ್ಕಳಿಗೂ ನನ್ನ ಕೈಯಲ್ಲೇ ಸೀರೆ ತೆಗೆಸಿದವರು. ಈಗ ಮೊಮ್ಮಗಳಿಗೆ ಧಾರೆ ಸೀರೆ. ತಟ್ಟೆಯಲ್ಲಿ ಅರಿಶಿನ ಕುಂಕುಮ ಇಟ್ಟಾಗಿತ್ತಂತೆ. ಸುಮಾ ಸೀರೆ ಎತ್ತಿದಳಂತೆ. ಕೃಷ್ಣಮ್ಮನ ಕಣ್ಣು ಅವಳ ಕಾಲಿಗೆ ಹೋಗಿದೆ.

"ಏನಮ್ಮಾ ಇದು? ಕಾಲ್‌ಚೀಲ ಆಕ್ಕಂಡು ದಾರೆ ಸೀರೆ ಎತ್ತುತೀಯಾ? ದ್ಯಾವ್ರ ಮನೆಗೂ ಇಂಗೇ ಓಯ್ತೀಯಾ?"

ನರೇಂದ್ರ ನಡುವೆ ಬಾಯಿ ಹಾಕಿದನಂತೆ, ಅಜ್ಜಿ, ಇದು ಹೈಜೀನ್ ಅಂತ. ಮುಗೀತು. ಇಡೀ ಗುಂಪು ಗಾದಿ ಇಳಿದು ಚಪ್ಪಲಿ ಹುಡುಕತೊಡಗಿತು. "ಆ ಅಲಮೇಲಮ್ಮ ಎಲ್ಲವ್ಳೆ? ಬರಿಗಾಲಲ್ಲಿ ನಿಂತ್ಕಂಡು ತೋರಿಸ್ತಿದ್ಲಲ್ಲ?" ಅಂತ ಕೃಷ್ಣಮ್ಮ ನನ್ನ ಹೆಸರು ಹಿಡಿದು ಕೇಳಿದರಂತೆ. ಇಷ್ಟೂ ಸುಮಾ ಓಡಿ ಬಂದು ಹೇಳಿದ್ದು.

ಅವಳ ಹಿಂದೆಯೇ ಅವನೂ ಬಂದ. ಬೂಟುಗಾಲಲ್ಲಿ ಮೆಟ್ಟಿಲ ಮೇಲೇ ನಿಂತ.

"ಮೇಡಂ, ಮೇಲೆ ಬನ್ನಿ. ಅರ್ಜೆಂಟ್. ಸಾಕ್ಸ್ ಬೇಡ. ಇವತ್ತೊಂದಿನ."

"ಇವತ್ತೊಂದಿನ ಆದ್ರೆ ಬರಲ್ಲ ಸಾರ್."

"ಈಗ ಬನ್ನಿ ಮೇಡಂ, ಆಮೇಲೆ ಮಾತಾಡೋಣ. ನಾಳೆ ಕೂತ್ಕೊಂಡು ಮಾತಾಡೋಣ."

"ನನ್ ಕಾಲು ನಾಳೇನೂ ಹಿಂಗೇ ಇರುತ್ತೆ ಸಾರ್."

ಅವನ ಮುಖ ಕೆಂಪಾಯಿತು. ಮೆಟ್ಟಿಲು ಹತ್ತಿ ಹೋದ. ಸುಮಾ ಹಣೆ ಚಚ್ಚಿಕೊಂಡು ಅವನ ಹಿಂದೆ ಓಡಿದಳು.

ಕೆಲಸ ಹೋಗಬಹುದು. ಹೋಗಲಿ… ಅಲ್ಲ, ಹೋಗಬಾರದು. ಭಯವಿದೆ. ಆದರೂ ಹೇಳಿದ್ದು ಸರಿ. ಹೋಗಿ ಕರೆಯಲು ಆಸೆಯಾಗುತ್ತಿದೆ, ಕೃಷ್ಣಮ್ಮಾ ಇರಿ, ಬಂದೆ ಅಂತ. ಹೋಗುವುದಿಲ್ಲ.

ಮೆಟ್ಟಿಲಲ್ಲಿ ಸದ್ದು.

ಅವನೇ. ಕೈಯಲ್ಲಿ ರಟ್ಟಿನ ಡಬ್ಬ. ನನ್ನ ಮುಂದೆ ಇಟ್ಟು, ಮುಖ ನೋಡದೆ ಹೇಳಿದ: "ಎಲ್ಲಾರ್ ಸಾಕ್ಸೂ ಇದೆ. ಇಲ್ಲೇ ಎಲ್ಲಾದ್ರೂ ಇಟ್ಬಿಡಿ. ಅವ್ರನ್ನ ಕೂರ್ಸಿದೀನಿ, ಬೇಗ ಬನ್ನಿ." ಎರಡು ಮೆಟ್ಟಿಲು ಹತ್ತಿ ನಿಂತ. "ನಾಳೆನೂ."

ಏಣಿ ಹತ್ತಿ ಡಬ್ಬವನ್ನು ಮೇಲಿನ ಅಟ್ಟಕ್ಕೆ ನೂಕಿದೆ, ಏಣಿ ಇಲ್ಲದೆ ಕೈಗೆ ಸಿಗದ ಕಡೆ. ಸೆರಗು ಸರಿಮಾಡಿಕೊಂಡೆ. ಮೇಲಿನಿಂದ ಕೃಷ್ಣಮ್ಮನ ದನಿ ಕೇಳುತ್ತಿದೆ. ಚಪ್ಪಲಿ ಇಲ್ಲೇ ಬಿಟ್ಟು ಹೊರಟೆ.