ಭೂದೇವಿಯಾಗಿದ್ದ ಭಾವನಿಗೆ

ಪ್ರೀತಿಯ ಭಾವನವರಿಗೆ, ಜೀಪಿನ ಚಂದ್ರ ಮಾಡುವ ನಮಸ್ಕಾರ.

ನಿನ್ನೆ ನಿಮ್ಮ ವರ್ಷದ ತಿಥಿ ಮುಗಿಯಿತು. ನಿಮಗೆ ಇಷ್ಟವೆಂದು ಅಕ್ಕ ಹಲಸಿನ ಹಣ್ಣಿನ ಕಡುಬು ಮಾಡಿದ್ದಳು. ನಿಮ್ಮ ಎಲೆಗೆ ಎರಡು ಬಡಿಸಿದರು, ನಾನು ಐದು ತಿಂದೆ. ಆದರೆ ಈ ಕಾಗದ ಅದನ್ನು ಹೇಳಲಿಕ್ಕಲ್ಲ. ಆಸ್ಪತ್ರೆಯಲ್ಲಿ ನೀವು ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಡದೆ ತಪ್ಪಿಸಿಕೊಂಡಿದ್ದೆನಲ್ಲ, ಅದು ಒಂದು ವರ್ಷದಿಂದ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತಿತ್ತು. ನಿನ್ನೆ ನೆಂಟರೆಲ್ಲರ ಮುಂದೆ ಉತ್ತರ ಹೇಳಿಬಿಟ್ಟೆ. ನಿಮಗೆ ಕೇಳಿಸಿತೋ ಇಲ್ಲವೋ ಎಂಬ ಅನುಮಾನಕ್ಕೆ ಬರೆದೂ ಇಡುತ್ತಿದ್ದೇನೆ.

ನಮ್ಮ ಜಗಳ ಶುರುವಾದ ದಿನ ನೆನಪಿದೆಯಾ? ಕುದುರೆಮುಖದಲ್ಲಿ ಗಣಿ ನಿಂತು, ನಿಮ್ಮ ಎಲೆಕ್ಟ್ರಿಷಿಯನ್ ಕೆಲಸವೂ ನಿಂತು, ಅಕ್ಕನನ್ನೂ ಒಂದು ಟ್ರಂಕು ವೈರನ್ನೂ ನನ್ನ ಜೀಪಿಗೆ ಹತ್ತಿಸಿಕೊಂಡು ನೀವು ಸಂಸೆಗೆ ಬಂದ ವಾರ ಅದು. ಗಾಳಿಗೆ ಲೈನಿನ ಮೇಲೆ ಮರ ಬಿದ್ದು ನಾಲ್ಕು ದಿನದಿಂದ ಕರೆಂಟ್ ಇರಲಿಲ್ಲ. ನೀವು ಚಿಮಣಿ ದೀಪದ ಎದುರು ಕೂತು, ಸ್ವಂತ ಮಗ ಪರೀಕ್ಷೆಯಲ್ಲಿ ಫೇಲಾದವರ ಮುಖ ಮಾಡಿಕೊಂಡು, "ಈ ದೇಶಕ್ಕೆ ಅಣು ವಿದ್ಯುತ್ತೇ ಗತಿ ಮಾರಾಯ. ಹೊಗೆ ಇಲ್ಲ, ಕಾಡು ಮುಳುಗಿಸ್ಬೇಕು ಅಂತಿಲ್ಲ" ಎಂದಿರಿ.

"ಕರೆಂಟ್ ಹೋಗಿದ್ದು ಮರ ಬಿದ್ದು, ಭಾವ. ಅಣು ಬಂದ್ರೆ ಮರ ಬೀಳಲ್ವಾ?" ಎಂದೆ ನಾನು.

ಅದಕ್ಕೆ ನೀವು ಉತ್ತರ ಕೊಡಲಿಲ್ಲ. ಹದಿನೆಂಟು ವರ್ಷ ಕೊಡಲಿಲ್ಲ.

ಆಮೇಲೆ ಪ್ರತಿ ಭಾನುವಾರ ನಿಮ್ಮ ಜಗಲಿಯಲ್ಲಿ ಅದೇ ಮಾತು. ಮೇಲಿನ ಎಸ್ಟೇಟಿನವರು ಕಾಫಿ ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕಿ, ತೊಳೆದ ನೀರನ್ನು ಹಳ್ಳಕ್ಕೆ ಬಿಟ್ಟು, ಊರೆಲ್ಲ ಮೂಗು ಮುಚ್ಚಿಕೊಂಡ ವಾರ ನಾನು ನಿಮ್ಮನ್ನು ಹಿಡಿದುಕೊಂಡೆ. "ಬರೀ ಹಣ್ಣಿನ ಸಿಪ್ಪೆ ಕೊಳೆತದ್ದಕ್ಕೆ ಇಷ್ಟು ಕೂಗಾಡ್ತೀರಲ್ಲ ಭಾವ, ನಿಮ್ಮ ಅಣು ಸ್ಥಾವರದ ಕಸ ಯಾವ ಹಳ್ಳಕ್ಕೆ?"

"ಅದನ್ನ ಹಳ್ಳಕ್ಕೆ ಬಿಡಲ್ಲ ಮಾರಾಯ. ಭದ್ರವಾಗಿ ಮುಚ್ಚಿಡ್ತಾರೆ."

"ಮೇಲಿನ ಎಸ್ಟೇಟಿನವರೂ ಹಂಗೇ ಹೇಳಿದ್ದು."

ಒಳಗಿನಿಂದ ಅಕ್ಕ, "ನೀವಿಬ್ರು ಹೇಳಿದ್ರು ಅಂತ ಸ್ಥಾವರ ಬರೋದೂ ಇಲ್ಲ, ನಿಲ್ಲೋದೂ ಇಲ್ಲ. ಕಾಫಿ ಆರ್ತಿದೆ, ಕುಡೀರಿ" ಎನ್ನುತ್ತಿದ್ದಳು. ಇಬ್ಬರೂ ಕುಡಿದು, ಲೋಟ ಕೆಳಗಿಟ್ಟು, ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದೆವು.

ಮಂಗ ಓಡಿಸುವ ಯಂತ್ರ ಮಾಡಿದ ದಿನವನ್ನು ಮರೆಯಲಾದೀತೇ? ಹಳೇ ಫ್ಯಾನಿನ ಮೋಟಾರಿಗೆ ಎಣ್ಣೆ ಡಬ್ಬದ ತಗಡು ಕಟ್ಟಿ, ಅಂಗಳದ ಮೂಲೆಯಲ್ಲಿ ನಿಲ್ಲಿಸಿ ಸ್ವಿಚ್ ಒತ್ತಿದಿರಿ. ಢಣಢಣ ಎಂದು ಅದು ಬಡಿದುಕೊಂಡ ಸದ್ದಿಗೆ ಅಕ್ಕನ ಕೈಯಿಂದ ಮೊರ ಬಿತ್ತು. ಮಂಗಗಳು ಒಂದೇ ವಾರದಲ್ಲಿ ಹೊಂದಿಕೊಂಡು ಅದರ ಪಕ್ಕದಲ್ಲೇ ಕೂತು ಹಲಸು ಬಿಡಿಸತೊಡಗಿದವು. ಹಕ್ಕಿಗಳು ಮಾತ್ರ ಆ ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟವು. ನೀವು ಯಂತ್ರ ನಿಲ್ಲಿಸಲಿಲ್ಲ. ಕರೆಂಟ್ ಇದ್ದಷ್ಟು ಹೊತ್ತೂ ಬಡಿಯುತ್ತಿತ್ತು. ಸೋತೆ ಎನ್ನುವುದು ನಿಮ್ಮ ಜಾಯಮಾನದಲ್ಲೇ... ಇರಲಿ, ನನ್ನದರಲ್ಲಿ ಇತ್ತೇ?

ಆಮೇಲೆ ಬಂತು ಹೋದ ವರ್ಷಕ್ಕೆ ಹಿಂದಿನ ಆಷಾಢದಲ್ಲಿ, ವೇಷವಿಲ್ಲದೆ ಕೂತು ಬರೀ ಮಾತಿನಲ್ಲೇ ಪ್ರಸಂಗ ನಡೆಸುವ ನಮ್ಮ ತಾಳಮದ್ದಳೆ. ಮಧ್ಯಾಹ್ನ ಮೂರಕ್ಕೆ ಶಾಲೆಯ ಹಾಲಿನಲ್ಲಿ ಊರೆಲ್ಲ ಸೇರಿತ್ತು. ಭಾಗವತ ಶೇಷಣ್ಣ ತಾಳ ಕೈಗೆತ್ತಿಕೊಂಡು, "ಈ ಸಲ ಪುರಾಣ ಬೇಡ. ಈ ಭಾವ-ಬಾಮೈದರ ಅಣು ಜಗಳಾನೇ ಪ್ರಸಂಗ. ಹೆಂಗೂ ಊರಿಗೆಲ್ಲ ಅರ್ಧ ಬಾಯಿಪಾಠ ಆಗಿದೆ" ಎಂದ. ಎಲ್ಲರೂ ನಕ್ಕರು, ನಾವೂ ನಕ್ಕೆವು. ಪಾತ್ರ ಹಂಚಿದಾಗ ನಗು ನಿಂತಿತು. ಅಣು ಬೇಡ ಎನ್ನುವ ನಾನು ಅಣುಭೂಪನೆಂಬ ರಾಜ. ಅಣು ಬೇಕು ಎನ್ನುವ ನೀವು, ಆ ಗಿರಿಜಾ ಮೀಸೆಯ ಸಮೇತ, ಅವನನ್ನು ತಡೆಯುವ ಭೂದೇವಿ! ಆದರೆ ಮಾಡುವುದೇನು? ಪಾತ್ರ ಕೊಡುವುದು ಭಾಗವತನ ಹಕ್ಕು. ಕೊಟ್ಟ ಪಾತ್ರವನ್ನು ಬಿಟ್ಟುಕೊಡದೆ ಮಾತಾಡುವುದು ಅರ್ಥ ಹೇಳುವವರ ಧರ್ಮ.

ನೀವು ಪಂಚೆ ಸರಿಮಾಡಿಕೊಂಡು, ಮೀಸೆಯ ಮೇಲೆ ಸೆರಗು ಹೊದ್ದವರ ಹಾಗೆ ಕೈಯಿಟ್ಟು ಹೇಳಿದ್ದು ನನಗೆ ಇವತ್ತಿಗೂ ಅಕ್ಷರಕ್ಕಕ್ಷರ ನೆನಪಿದೆ. "ಮಗನೇ ಅಣುಭೂಪ, ನಿನ್ನ ಊಟ ಒಂದು ತಲೆಮಾರಿನದು. ಉಂಡೆದ್ದ ಎಂಜಲೆಲೆಯನ್ನು ಸಾವಿರಾರು ವರ್ಷ ನನ್ನ ಮಡಿಲಲ್ಲಿಟ್ಟು ಕಾಯಬೇಕೇ? ಅಂದು ಎಲೆ ಎತ್ತಲು ನೀನಿರುವೆಯಾ? ನಿನ್ನ ಮನೆ ಕಟ್ಟಲು ಹೇಳಿದ ದರವೆಷ್ಟು, ಕಟ್ಟಿ ಮುಗಿಸಿದಾಗ ಆದದ್ದೆಷ್ಟು? ಒಮ್ಮೆ ಒಲೆ ಕೈಮೀರಿದರೆ ಓಡಿಹೋಗುವ ನನ್ನ ಮಕ್ಕಳು ಮತ್ತೆ ಯಾವಾಗ ಮನೆಗೆ ಬರಬೇಕು?" ಹೆಂಗಸರ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು.

ನಾನು ಬಿಡಲಾದೀತೇ? "ತಾಯೇ, ಕಲ್ಲಿದ್ದಲಿನ ಹೊಗೆಯನ್ನು ಯಾರೂ ಎಂಜಲು ಎನ್ನುವುದಿಲ್ಲ. ಎಲೆಯಲ್ಲಿ ಉಳಿಯದೆ ನೇರ ನಿನ್ನ ಮಕ್ಕಳ ಮೂಗಿಗೇ ಹೋಗುತ್ತದೆ, ಅದಕ್ಕೆ. ಕಾಫಿ ಅರಳಿಸುವ ಹೂಮಳೆ ಬರಬೇಕಾದಾಗ ಬಾರದೆ, ಕಣದಲ್ಲಿ ಕಾಫಿ ಒಣಗುವಾಗ ಸುರಿಯುತ್ತಿದೆಯಲ್ಲ, ಅದು ನನ್ನ ಪಾಪವೇ? ನನ್ನ ಎಂಜಲು ಎಲ್ಲಿದೆಯೆಂದು ನಾನಾದರೂ ತೋರಿಸಬಲ್ಲೆ. ಹೊಗೆ ಬಿಟ್ಟವರು ತೋರಿಸಲಿ!" ಎಂದೆ. ಚಪ್ಪಾಳೆ ಬಿತ್ತು. ಆಗ ನನ್ನೊಳಗೆ ಏನೋ ಜಾರಿತು ಭಾವ. ಬಾಯಿ ಹೇಳಿದ್ದನ್ನು ಕಿವಿ ಕೇಳಿಸಿಕೊಂಡು, 'ಹೌದಲ್ಲ' ಎಂದುಬಿಟ್ಟಿತು.

ಜೀಪಿನಲ್ಲಿ ವಾಪಸ್ ಬರುವಾಗ ನೀವು ಆಚೆ ತೋಟ ನೋಡಿದಿರಿ, ನಾನು ರಸ್ತೆ ನೋಡಿದೆ. ನನ್ನ ಪಾತ್ರದ ಮಾತಿಗೆ ನಾನೇ ಮರುಳಾದೆ ಎಂದು ಯಾವ ಬಾಯಲ್ಲಿ ಹೇಳಲಿ? ಹೇಳಿದರೆ ಇಷ್ಟು ವರ್ಷವೂ ನೀವೇ ಸರಿ ಎಂದಾಗುತ್ತಿತ್ತು. ಹಾಗಾಗಿ ಮುಂದಿನ ಭಾನುವಾರವೂ ಹಳೇ ಜಾಗದಲ್ಲೇ ಕೂತು ಅಣು ಬೇಡ ಎಂದೆ, ನೀವು ಬೇಕು ಎಂದಿರಿ. ಇಬ್ಬರ ಮಾತಿನಲ್ಲೂ ಸತ್ವವೇ ಇರಲಿಲ್ಲ. ಅಕ್ಕ ಬಾಗಿಲಿಗೆ ಬಂದು ನಿಂತು, "ಎಂತಾಗಿದೆ ನಿಮ್ಗೆ? ಜ್ವರ ಬಂದವರ ಹಂಗೆ ಜಗಳ ಆಡ್ತಿದ್ದೀರಿ" ಎಂದಳು. ನಾನು ನಿಮ್ಮ ವಯಸ್ಸಿನ ಮೇಲೆ ಹಾಕಿದೆ. ನೀವು ನನ್ನ ಬುದ್ಧಿಯ ಮೇಲೆ ಹಾಕಿದಿರಿ.

ಆಸ್ಪತ್ರೆಯ ಆ ಬೆಳಿಗ್ಗೆ ಕರೆಂಟ್ ಹೋಗಿ ಜನರೇಟರ್ ಗುಡುಗಿತು. ನೀವು ಕಣ್ಣು ಮುಚ್ಚಿಕೊಂಡೇ "ಡೀಸೆಲ್" ಎಂದಿರಿ, ಬೈಗುಳದ ಧಾಟಿಯಲ್ಲಿ. ಆಮೇಲೆ ನನ್ನ ಕೈ ಹಿಡಿದು, "ಚಂದ್ರ, ಅಣುಭೂಪ ಆಗಿ ಆವತ್ತು ಹೇಳಿದ್ಯಲ್ಲ, ಅದು ಮನಸ್ಸಿಂದ ಬಂದದ್ದು ತಾನೇ? ಒಪ್ಕೊ ಮಾರಾಯ" ಎಂದಿರಿ. ನಾನು, "ಮೊದ್ಲು ಮನೆಗೆ ಬನ್ನಿ, ಭಾನುವಾರ ಹೇಳ್ತೀನಿ" ಎಂದೆ. ಭಾನುವಾರ ಬಂತು. ನೀವು...

ನಿನ್ನೆ ಎಲೆಯನ್ನು ಅಂಗಳದ ಗೋಡೆಯ ಮೇಲಿಟ್ಟು ಕಾಗೆಗೆ ಕಾದೆವು. ಕಾಗೆ ತೋಟದ ಸಿಲ್ವರ್ ಓಕ್ ಮರದ ತುದಿಯಲ್ಲಿ ಕೂತು ನೋಡುತ್ತಿತ್ತು, ಇಳಿಯಲೊಲ್ಲದು. ಅರ್ಧ ಗಂಟೆಯಾಯಿತು. ಹಸಿದ ನೆಂಟರು ನಿಮಗೆ ಏನು ಆಸೆ ಉಳಿದಿರಬಹುದೆಂದು ಒಂದೊಂದೇ ಹೇಳಿ ಮಾತು ಕೊಡತೊಡಗಿದರು. ತೋಟ ನೋಡ್ಕೊಳ್ತೀವಿ, ಅಕ್ಕನ ಕಣ್ಣಿಗೆ ಆಪರೇಷನ್ ಮಾಡಿಸ್ತೀವಿ. ಕಾಗೆ ಅಲ್ಲಾಡಲಿಲ್ಲ. ಅಕ್ಕ ನನ್ನನ್ನೇ ನೋಡಿದಳು. ನನಗೆ ಗೊತ್ತಾಯಿತು. ಮುಂದೆ ಹೋಗಿ ಕೈ ಮುಗಿದು ಗಟ್ಟಿಯಾಗಿ ಹೇಳಿದೆ: "ಒಪ್ಪಿದೆ ಭಾವ! ಅಣು ವಿದ್ಯುತ್ ಬೇಕು! ನೀವು ಹೇಳಿದ್ದೇ ಸರಿ!"

ನೆಂಟರು ನನ್ನಿಂದ ಎರಡು ಹೆಜ್ಜೆ ದೂರ ಸರಿದರು. ಕಾಗೆ ಬೇರೆ ಕಡೆ ಮುಖ ತಿರುಗಿಸಿತು.

ಆಗ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಲೋ ಅಳುತ್ತಲೋ ಹೇಳಿದಳು: "ಚಂದ್ರ ತಾನಾಗಿ ಒಪ್ಪೋತನಕ ಹೇಳ್ಬೇಡ ಅಂದಿದ್ರು. ಆಸ್ಪತ್ರೆಗೆ ಹೋಗ್ತಾ ಜೀಪಿನ ಹಿಂದಿನ ಸೀಟಲ್ಲಿ ನನ್ನ ಕಿವೀಲಿ ಹೇಳಿದ್ರು. 'ಭೂದೇವಿ ಆಗಿ ಮಾತಾಡಿದ ಮೇಲೆ ನಂಗೆ ಅಣು ಬೇಡ ಅನಿಸ್ಬಿಟ್ಟಿದೆ. ಆ ಎಂಜಲೆಲೆ ಎತ್ತೋದು ಯಾರು? ಚಂದ್ರ ಹೇಳ್ತಿದ್ದದ್ದೇ ಸರಿ' ಅಂತ."

ಸರಿಯಾಗಿ ಆ ಹೊತ್ತಿಗೆ ಕರೆಂಟ್ ಹೋಯಿತು. ಬೆಳಗಿನಿಂದ ಬಡಿಯುತ್ತಿದ್ದ ನಿಮ್ಮ ಮಂಗನ ಯಂತ್ರ ನಿಂತಿತು. ವರ್ಷಗಟ್ಟಲೆ ಕೇಳಿ ಕೇಳಿ ಅದರ ಸದ್ದು ನಮ್ಮ ಕಿವಿಗೆ ಬೀಳುವುದನ್ನೇ ಬಿಟ್ಟಿತ್ತು. ನಿಂತಾಗಲೇ ಅದು ಇತ್ತೆಂದು ಗೊತ್ತಾದದ್ದು. ಕಾಗೆ ಸೀದಾ ಇಳಿದು ಬಂದು ಕಡುಬಿಗೇ ಬಾಯಿ ಹಾಕಿತು. ಅದು ಬಂದದ್ದು ನಿಮ್ಮ ಗುಟ್ಟು ಹೊರಬಿದ್ದದ್ದಕ್ಕೋ, ಯಂತ್ರ ನಿಂತದ್ದಕ್ಕೋ ಎಂದು ನೆಂಟರು ಊಟದ ಉದ್ದಕ್ಕೂ ವಾದ ಮಾಡಿದರು. ನಾನು ಕಡುಬಿನ ಮೇಲೆ ಕಡುಬು ತಿಂದೆ. ನೀವು ಈ ದಡಕ್ಕೆ ಬಂದ ದಿನವೇ ನಾನು ಆ ದಡಕ್ಕೆ ಹೋಗಿದ್ದೆನಲ್ಲ ಭಾವ. ಒಂದೇ ಒಂದು ದಿನವಾದರೂ ನಾವು ಒಂದೇ ಕಡೆ...

ಊಟವಾದ ಮೇಲೆ ಶೇಷಣ್ಣ ಎಲೆಯಡಿಕೆ ಹಾಕುತ್ತಾ, ಈ ಆಷಾಢಕ್ಕೂ ಅದೇ ಪ್ರಸಂಗ ಎಂದ. ಅಣುಭೂಪ ನೀನೇ ಎಂದ. ಈ ಸಲ ಭೂದೇವಿ ನನಗೆ ಕೊಡು ಎಂದು ಕೇಳಿ ತೆಗೆದುಕೊಂಡಿದ್ದೇನೆ. ಆ ಎಂಜಲೆಲೆಯ ಮಾತನ್ನು ಒಂದು ಅಕ್ಷರವೂ ಬಿಡದೆ ಹೇಳುತ್ತೇನೆ, ನಿಮ್ಮ ಹಾಗೆಯೇ ಮೂತಿಯ ಮೇಲೆ ಕೈಯಿಟ್ಟು. ಅಣುಭೂಪ ಯಾರು ಎಂದು ಕೇಳುತ್ತೀರಾ? ಅಕ್ಕ. "ಹದಿನೆಂಟು ವರ್ಷ ಒಳಗೆ ಕೂತು ಎರಡೂ ಕಡೆಯದು ಕೇಳಿದೀನಿ, ನಂಗೆ ಬರಲ್ವಾ?" ಎಂದಳು. ಶೇಷಣ್ಣ ಎಲೆಯಡಿಕೆ ತಟ್ಟೆಯನ್ನು ಅವಳ ಕಡೆಗೂ ಸರಿಸಿದ.

ಭೂದೇವಿಯಾಗಿ ಮಾತಾಡಿದ ಮೇಲೆ ನನ್ನ ಮನಸ್ಸು ಮತ್ತೆ ಈಚೆಗೆ ಜಾರಿದರೂ ಜಾರೀತು. ಜಾರಿದರೆ ಮುಂದಿನ ತಿಥಿಗೆ ಕಡುಬು ಆರುವ ಮೊದಲೇ, ಯಾರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಯಂತ್ರದ ಸ್ವಿಚ್ಚನ್ನು ನಾನೇ ಆರಿಸಿ ಹೇಳುತ್ತೇನೆ. ನೀವು ಅಷ್ಟರೊಳಗೆ ಅಲ್ಲಿ ಯಾರ ಜೊತೆಗಾದರೂ ವಾದ ಮಾಡಿ ಮತ್ತೆ ಆಚೆಗೆ ಹೋಗಬೇಡಿ.

ನಿಮ್ಮ ಬಾಮೈದ,
ಚಂದ್ರ