ಪಾಸ್‌ಪೋರ್ಟಿನಲ್ಲಿ ಇದ್ದವಳು

ನುಂಗಂಬಾಕ್ಕಂ, ಚೆನ್ನೈ
18 ಜನವರಿ 2025

ಪ್ರೀತಿಯ ತೃಪ್ತಿ ಅಕ್ಕನಿಗೆ,

ಸುಘೋಷನ ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಭಾವನ ಮೊಣಕಾಲು ನೋವು ಈಗ ಹೇಗಿದೆ? ನನ್ನ ಕೀವಾಳನ್ನು ಮಣ್ಣು ಮಾಡಲು ಐರ್ಲೆಂಡಿಗೆ, ಅವಳ ಊರಿಗೆ ಯಾಕೆ ಕಳಿಸಲಿಲ್ಲ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವಳ ಹೆಸರು ನಿನಗೆ ಗೊತ್ತಲ್ಲ, ಐರಿಷ್‌ನಲ್ಲಿ ಬರೆಯುವುದು ಒಂದು ಥರ, ಕರೆಯುವುದು ಇನ್ನೊಂದು ಥರ; ಬರೆದ ಅಕ್ಷರ ನೋಡಿದವರು ಅದನ್ನು ಕೀವಾ ಎಂದು ಓದಲಾರರು. ಶಾಲೆಯಲ್ಲಿ ಅದನ್ನು ಇಂಗ್ಲಿಷ್ ಹೆಸರಾಗಿ ತಿರುಗಿಸಿ ಬರೆದಿದ್ದರಂತೆ. ಇವಳು ದೊಡ್ಡವಳಾದ ಮೇಲೆ ಹಟ ಹಿಡಿದು ಪಾಸ್‌ಪೋರ್ಟಿಗೆ ಐರಿಷ್ ಹೆಸರನ್ನೇ, ಐರಿಷ್ ಅಕ್ಷರಗಳಲ್ಲಿದ್ದ ಹಾಗೆಯೇ ಹಾಕಿಸಿಕೊಂಡಳು. ವಿಮಾನ ನಿಲ್ದಾಣಗಳಲ್ಲಿ ಯಾರಾದರೂ ತಡವರಿಸಿದರೆ, ನಮ್ಮಜ್ಜಿ ಇಟ್ಟ ಹೆಸರು ಎಂದು ನಗುತ್ತ ಹೇಳಿಕೊಡುತ್ತಿದ್ದಳು.

ಅವಳು ತಲೆ ಹಿಡಿದುಕೊಂಡು ಕುಸಿದಾಗ ನಾನು ಅಂಬತ್ತೂರಿನ ಫ್ಯಾಕ್ಟರಿಯಲ್ಲಿದ್ದೆ. ಪಕ್ಕದ ಮನೆಯ ಶಂಕರನಾರಾಯಣರು ಆಸ್ಪತ್ರೆಗೆ ಸೇರಿಸಿದರು. ಹೆಸರು ಕೇಳಿದವರಿಗೆ ಕೀವಾ ಸುಘೋಷ ಎಂದರು, ಅವರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು. ಸಂಜೆಯೊಳಗೆ ಹೋಗಿಬಿಟ್ಟಳು. ಮರಣಪತ್ರದಲ್ಲೂ ಅದೇ ಹೆಸರು ಬಂತು.

ಅವಳ ತಾಯಿ ಬೇಡಿದ್ದು ಒಂದೇ, ಮಗಳನ್ನು ಅವಳಪ್ಪನ ಪಕ್ಕದಲ್ಲಿ ಮಣ್ಣು ಮಾಡಬೇಕು ಎಂದು. ಆದರೆ ಪಾಸ್‌ಪೋರ್ಟಿನಲ್ಲಿ ಇದ್ದವಳೂ ಸತ್ತವಳೂ ಒಬ್ಬಳೇ ಎಂದು ಸಾಬೀತಾಗದೆ ಶವ ವಿಮಾನ ಹತ್ತುವಂತಿರಲಿಲ್ಲ. ಮರಣಪತ್ರದ ತಿದ್ದುಪಡಿಗೆ ಓಡಾಡಿದೆ. ಅಲ್ಲಿನ ಅಧಿಕಾರಿ ಕೆಟ್ಟವರೇನಲ್ಲ. ಪಾಸ್‌ಪೋರ್ಟಿನ ಅಕ್ಷರಗಳ ಮೇಲೆ ಬೆರಳಾಡಿಸಿ, ಇದರಲ್ಲಿ ಕೀವಾ ಎಲ್ಲಿದೆ, ನೀವೇ ತೋರಿಸಿ ಎಂದು ತಮಿಳಿನಲ್ಲಿ ಕೇಳಿದರು. ನಾನು ತೋರಿಸಿದೆ, ಅವರಿಗೆ ಕಾಣಲಿಲ್ಲ. ನಮ್ಮ ಮದುವೆ ಪತ್ರದಲ್ಲೂ ಐರಿಷ್ ಹೆಸರೇ ಇತ್ತು, ಅದೂ ಕೈಹಿಡಿಯಲಿಲ್ಲ.

ಇನ್ನು ಇಡಲಾಗದು ಎಂದು ಶವಾಗಾರದವರು ಹೇಳಿದ ಮೇಲೆ ಇಲ್ಲೇ ಮಣ್ಣು ಮಾಡಿದೆ. ಅವಳ ಮೇಲೆ ಮಣ್ಣು ಬೀಳುವಾಗ ಇವಳು ಯಾರ ಊರಿನಲ್ಲಿ ಮಲಗಿದ್ದಾಳೆ ಅನ್ನಿಸಿತು. ಶಂಕರನಾರಾಯಣರು ಅಂದಿನಿಂದ ಮುಖ ಕೊಟ್ಟು ಮಾತಾಡುವುದಿಲ್ಲ. "ನಾವೆಲ್ಲಾ ಹಾಗೇ ತಾನೇ ಕರೀತಿದ್ದಿದ್ದು ಸುಘೋಷ, ನಾನ್ ಬೇರೆ ಏನ್ ಹೇಳ್ಲಿ" ಎಂದು ಒಮ್ಮೆ ಗೇಟಿನ ಹತ್ತಿರ ಅತ್ತರು. ಅವರದೇನು ತಪ್ಪು.

ಮೈಸೂರಿಗೆ ಬಂದುಬಿಡು ಎಂದಿದ್ದೀಯ. ಎಲ್ಲಿದ್ದರೂ ಅಷ್ಟೇ ಅಕ್ಕ. ಭಾವನಿಗೆ ನಮಸ್ಕಾರ. ಪ್ರಣಮ್ಯಾಗೆ ಮಾವನ ಆಶೀರ್ವಾದ, ಅವಳಾದರೂ ಸುಖವಾಗಿರಲಿ.

ನಿನ್ನ ತಮ್ಮ,
ಸುಘೋಷ

ವಿ.ಸೂ.: ಕೀವಾಳ ಅಮ್ಮ, ನನ್ನ ಅತ್ತೆಗೆ, ಈಗ ಮರೆವು. ಮಣ್ಣು ಮಾಡಿದ್ದನ್ನು ಫೋನಿನ ವಿಡಿಯೊದಲ್ಲಿ ನೋಡಿದ್ದರೂ ಭಾನುವಾರ ಬಂದರೆ ಫೋನ್ ಮಾಡಿ, "ನನ್ನ ಮಗಳನ್ನ ಯಾವಾಗ ಕಳಿಸ್ತೀಯ?" ಎಂದು ಕೇಳುತ್ತಾರೆ. ಕಾಗದ ಇನ್ನೂ ಸರಿಯಾಗಿಲ್ಲ ಅನ್ನುತ್ತಿದ್ದೆ. ತಿದ್ದಿದ ಮರಣಪತ್ರ ನಿನ್ನೆ ಬಂತು, ಹೆಸರಿನಲ್ಲಿ ಒಂದಕ್ಷರವೂ ತಪ್ಪಿಲ್ಲ. ನಾಳೆ ಭಾನುವಾರ. ಇನ್ನೇನು ಹೇಳಲಿ ಅಕ್ಕ?