ನನ್ನ ಮುಖದ ಸಾಕ್ಷಿ

ಜುಲೈ ೯, ಬುಧವಾರ

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಆದರೂ ಇವತ್ತಿನದನ್ನು ಬರೆದಿಡಬೇಕು.

ಎರಡು ತಿಂಗಳಿಂದ ಮೊಮ್ಮಗಳು ದಿನಾ ಸಂಜೆ ನನ್ನ ಪಕ್ಕ ಕೂತು ಫೋಟೋ ತೆಗೆಯುತ್ತಾಳೆ. ಅಜ್ಜಿಯ ಮೇಲೆ ಪ್ರೀತಿ ಉಕ್ಕಿದೆ ಎಂದು ನಾನು ತಲೆ ಬಾಚಿಕೊಂಡು ಕಾಯುತ್ತಿದ್ದೆ. ಮುದಿ ಪೆದ್ದಿ!

ಇವತ್ತು ಬಚ್ಚಲಿನ ಬಾಗಿಲು ಬಡಿದಳು. "ಅಜ್ಜಿ, ಬೇಗ ಬಾ, ಫೋಟೋ ಬೇಕು."

"ಬರೀ ಮೈಯಲ್ಲಿ ಬರಲೇನೇ? ಯಾವ ಮಹಾರಾಜ ಕಾಯ್ತಿದಾನೆ?"

ಅತ್ತುಬಿಟ್ಟಳು. ಕಾಯುತ್ತಿದ್ದವನು ಅವಳ ತರಗತಿಯ ಹುಡುಗ. ಅವಳು ಮನೆಯಲ್ಲೇ ಇದ್ದಾಳೆ ಎನ್ನುವುದಕ್ಕೆ ಅವನಿಗೆ ನನ್ನ ಮುಖ ಸಾಕ್ಷಿಯಂತೆ. ತಡವಾದರೆ ಮರುದಿನ ತೋಳು ಹಿಂಡುತ್ತಾನಂತೆ. ಅಂಗಿಯ ತೋಳು ಸರಿಸಿ ನೋಡಿದೆ, ನಾಲ್ಕು ಬೆರಳಿನ ಗುರುತು ನೀಲಿಗಟ್ಟಿದೆ.

"ನಾನಂದ್ರೆ ತುಂಬಾ ಇಷ್ಟ ಅವನಿಗೆ, ಅದಕ್ಕೇ ಅಜ್ಜಿ."

"ಹಿಂಡೋಕೆ ನೀನೇನು ಒದ್ದೆ ಬಟ್ಟೇನಾ?"

"ಅಮ್ಮನಿಗೆ ಹೇಳ್ಬೇಡ. ಫೋನ್ ಕಿತ್ಕೋತಾಳೆ. ಆಮೇಲೆ ಫೋಟೋ ಹೋಗದಿದ್ರೆ..."

ನನ್ನ ಮಗಳ ಬಾಯಿಯೂ ನನ್ನದೇ, ಮೊದಲು ಬೈಯುತ್ತಾಳೆ, ಆಮೇಲೆ ಕೇಳುತ್ತಾಳೆ. ಬೈದರೆ ಹುಡುಗಿ ಇನ್ನು ಬಾಯಿ ಬಿಡುವುದಿಲ್ಲ. ಹೇಳದಿದ್ದರೆ, ಇವತ್ತು ತೋಳು ಹಿಡಿದವನು ನಾಳೆ ಕುತ್ತಿಗೆ ಹಿಡಿದರೆ?

"ಇಬ್ರೂ ಸೇರಿ ಹೇಳೋಣ, ನಾನು ಮುಂದೆ ಕೂತ್ಕೋತೀನಿ" ಎಂದೆ. ಅಂಗಿಯ ತೋಳು ಕೆಳಗೆಳೆದುಕೊಂಡು ನನಗೆ ಒರಗಿದಳು. ಬೆಳಗ್ಗೆ ಮಗಳಿಗೆ ಮೊದಲೇ ಹೇಳಬೇಕು: ಬೈಬೇಡ, ಕೇಳು, ತಪ್ಪು ನಿನ್ನದಲ್ಲ ಕಂದ ಅನ್ನು. ಆ ಮಗಳನ್ನು ನಾನು ಯಾವತ್ತು ಹಾಗೆ ಕೇಳಿದ್ದೆ?

ಇವತ್ತಿನ ಫೋಟೋವನ್ನೂ ಕಳಿಸಿದೆವು. ಒದ್ದೆ ತಲೆಯಲ್ಲೇ ಅವಳ ಪಕ್ಕ ಕೂತು ನಾನೂ ಹಲ್ಲು ಕಿರಿದೆ, ಭಯಕ್ಕೆ. ಆ ನಗು ಈಗ ಅವನ ಕೈಯಲ್ಲಿದೆ.